ಎರಡೂ ಕಿವಿಯ ಸಮತೋಲನ ಹೋದವರಿಗೆ ಕಿವಿಯೊಳಗೆ ಉಪಕರಣ ಕೂರಿಸುತ್ತಾರಂತೆ, ನಿಜವೇ?

ಅಮ್ಮತ್ತಿ ತೋಟ
ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯದಲ್ಲಿ ತಿಳಿದವರ ಸಲಹೆ ಬೇಕು. ಕಳೆದ ಮಳೆಗಾಲದಲ್ಲಿ ಅವರಿಗೆ ಮೂತ್ರದ ಸೋಂಕು ಜೋರಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಅಲ್ಲಿ ಜೆಂಟಾಮೈಸಿನ್ ಚುಚ್ಚುಮದ್ದು ಕೊಟ್ಟರು. ಜ್ವರ ಇಳಿಯಿತು, ಮನೆಗೆ ಬಂದರು. ಕೆಲವು ವಾರಗಳಲ್ಲಿ ನಡಿಗೆ ಕೆಟ್ಟಿತು. ಕಿವಿ ಚೆನ್ನಾಗಿ ಕೇಳಿಸುತ್ತದೆ, ತಲೆ ಗಿರ್ರೆಂದು ತಿರುಗುವುದೂ ಇಲ್ಲ. ಆದರೆ ಹೆಜ್ಜೆ ಹಾಕಿದರೆ ಎದುರಿನದ್ದೆಲ್ಲ ಮೇಲೆ ಕೆಳಗೆ ಕುಣಿಯುತ್ತದೆ ಎನ್ನುತ್ತಾರೆ. ಗೇಟಿನ ಹತ್ತಿರ ಬಂದವರು ಯಾರೆಂದು ತಿಳಿಯಬೇಕಾದರೆ ನಡೆಯುವುದನ್ನು ನಿಲ್ಲಿಸಿ ನೋಡಬೇಕು. ಕರೆಂಟ್ ಹೋದರಂತೂ ಗೋಡೆ ಸವರಿಕೊಂಡೇ ಬಚ್ಚಲಿಗೆ ಹೋಗುತ್ತಾರೆ. ಮುಖ ತೊಳೆಯುವಾಗ ಕಣ್ಣು ಮುಚ್ಚಿದೊಡನೆ ವಾಲುವುದರಿಂದ ಒಂದು ಕೈಯಲ್ಲಿ ನಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ತೊಳೆಯುತ್ತಾರೆ.

ಒಬ್ಬರು ವಯಸ್ಸು ಎಂದರು, ಇನ್ನೊಬ್ಬರು ಕುತ್ತಿಗೆ ಮೂಳೆ ಸವೆದಿದೆ ಎಂದರು. ಅಮ್ಮನಿಗೆ ಇನ್ನೂ ಅರವತ್ತು ತುಂಬಿಲ್ಲ. ಕೊನೆಗೆ ಮೈಸೂರಿನಲ್ಲಿ ಒಬ್ಬ ಕಿವಿ ತಜ್ಞರು ಕಣ್ಣಿಗೆ ಕ್ಯಾಮೆರಾ ಇರುವ ಕನ್ನಡಕ ಹಾಕಿ, ತಲೆಯನ್ನು ಸರಕ್ಕನೆ ತಿರುಗಿಸಿ ಪರೀಕ್ಷಿಸಿ, ಎರಡೂ ಕಿವಿಯ ಸಮತೋಲನದ ಭಾಗ ಹೋಗಿದೆ ಎಂದರು. ಹೊರದೇಶದಲ್ಲಿ ಇದಕ್ಕೆ ಉಪಕರಣ ಕೂರಿಸುವ ಪ್ರಯತ್ನ ನಡೆಯುತ್ತಿದೆ ಎಂದೂ ಹೇಳಿದರು. ಅದು ನಿಜವೇ? ನಮ್ಮಲ್ಲಿ ಸಿಗುತ್ತದೆಯೇ? ಈ ಸಲ ರೋಬಸ್ಟಾ ಬೆಲೆ ಪರವಾಗಿಲ್ಲ, ಖರ್ಚಿಗೆ ಹೆದರುವುದಿಲ್ಲ.

ನಾಪೋಕ್ಲು ಗದ್ದೆ
ತಂಗೀ, ಗಾಬರಿಯಾಗಬೇಡ. ನನಗೂ ಇದೇ ಬಂದಿತ್ತು. ಮಲಗಿ ಮಗ್ಗುಲು ಬದಲಿಸಿದರೆ ಸಾಕು, ಸೂರೇ ತಿರುಗುತ್ತಿತ್ತು. ವೈದ್ಯರು ತಲೆ ಹಿಡಿದು ಒಂದು ಬದಿಗೆ ತಿರುಗಿಸಿ ಮಲಗಿಸಿ, ಮತ್ತೊಂದು ಬದಿಗೆ ಹೊರಳಿಸಿ ಎಬ್ಬಿಸಿದರು. ಅಷ್ಟೇ, ಮುಗಿಯಿತು. ಮೊಬೈಲಿನಲ್ಲಿ ಆ ವಿಡಿಯೊಗಳು ಬೇಕಾದಷ್ಟಿವೆ. ಮನೆಯಲ್ಲೇ ಮಾಡಿಸು. ಉಪಕರಣವೂ ಬೇಡ, ಕಾಫಿ ಮಾರುವುದೂ ಬೇಡ.

ಶ್ರವಣ ತಜ್ಞೆ, ಮೈಸೂರು
ನಾಪೋಕ್ಲು ಅವರೇ, ನಿಮಗೆ ಬಂದದ್ದೇ ಬೇರೆ, ಇವರ ತಾಯಿಗೆ ಆಗಿರುವುದೇ ಬೇರೆ. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಅರ್ಧವೃತ್ತಾಕಾರದ ನಾಳದೊಳಗೆ ಸೇರಿಕೊಂಡರೆ ಮಗ್ಗುಲು ಬದಲಿಸಿದಾಗ ಕೆಲವು ಸೆಕೆಂಡು ಲೋಕ ಗಿರಗಿರ ತಿರುಗುತ್ತದೆ. ನಿಮಗೆ ಮಾಡಿದ್ದು ಆ ಹರಳನ್ನು ಹೊರಳಿಸಿ ಹೊರತರುವ ಎಪ್ಲಿ ವಿಧಾನ. ಇವರ ತಾಯಿಯಲ್ಲಿ ಚಲನೆಯನ್ನು ಗ್ರಹಿಸುವ ರೋಮಕೋಶಗಳೇ ಸತ್ತಿವೆ. ತಲೆಯನ್ನು ಎಷ್ಟು ಹೊರಳಿಸಿದರೂ ಸತ್ತ ಕೋಶ ಮರಳುವುದಿಲ್ಲ. ನಿಂತರೆ ವಾಲುವವರನ್ನು ವಿಡಿಯೊ ನೋಡಿ ಮನೆಯಲ್ಲಿ ಹೊರಳಿಸುವುದು ಅಪಾಯ ಕೂಡ.

ಅಮ್ಮತ್ತಿಯವರೇ, ನೀವು ಬರೆದ ಲಕ್ಷಣಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ನಾವು ತಲೆ ಆಡಿಸಿದಾಗ ಒಳಕಿವಿ ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ನಡೆಯುತ್ತಲೇ ಬೋರ್ಡು ಓದಲು ಸಾಧ್ಯವಾಗುವುದು ಇದರಿಂದ. ಎರಡೂ ಕಡೆ ಅದು ಹೋದರೆ ಹೆಜ್ಜೆಹೆಜ್ಜೆಗೂ ದೃಶ್ಯ ಕುಣಿಯುತ್ತದೆ. ಎರಡೂ ಕಡೆ ಸಮನಾಗಿ ಹೋದಾಗ ತಲೆಸುತ್ತು ಇರುವುದಿಲ್ಲ. ಸುತ್ತು ಬರುವುದು ಒಂದು ಕಿವಿಯ ಸುದ್ದಿ ಇನ್ನೊಂದಕ್ಕೆ ತಾಳೆಯಾಗದಿದ್ದಾಗ. ಆದ್ದರಿಂದಲೇ ಎಷ್ಟೋ ವೈದ್ಯರು "ಸುತ್ತು ಇಲ್ಲವಲ್ಲ, ಕಿವಿಯೂ ಕೇಳಿಸುತ್ತದಲ್ಲ" ಎಂದು ಕಿವಿಯನ್ನು ಬಿಟ್ಟು ಬೇರೆ ಕಡೆ ಹುಡುಕುತ್ತಾರೆ.

ಕುಶಾಲನಗರ ಔಷಧಿ ಅಂಗಡಿ
ಜೆಂಟಾಮೈಸಿನ್ ಬಗ್ಗೆ ಒಂದು ಮಾತು. ಅದು ಕೇಳಿಸುವ ಭಾಗಕ್ಕಿಂತ ಸಮತೋಲನದ ಭಾಗವನ್ನು ಹೆಚ್ಚು ಕೆಡಿಸುವ ಔಷಧಿ. ಸ್ಟ್ರೆಪ್ಟೋಮೈಸಿನ್ ಕೂಡ ಹಾಗೆಯೇ. ಮೂತ್ರಪಿಂಡ ನಿಧಾನವಿರುವವರಲ್ಲಿ ಅಪಾಯ ಹೆಚ್ಚು. ಚುಚ್ಚುಮದ್ದು ನಿಂತ ಮೇಲೂ ತೊಂದರೆ ಕಾಣಿಸಿಕೊಳ್ಳಬಹುದು. ಆದರೆ ಇದನ್ನು ಓದಿ ಯಾರೂ ಆ ಔಷಧಿಯೇ ವಿಷ ಎನ್ನಬೇಡಿ. ರಕ್ತಕ್ಕೆ ಸೋಂಕು ಏರಿದಾಗ ಅದು ಜೀವ ಉಳಿಸುತ್ತದೆ. ಕೊಡುವ ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಬೇಕು, ಕೊಡುತ್ತಿರುವಷ್ಟು ದಿನ "ನಡೆಯುವಾಗ ಓಲಾಡುತ್ತದೆಯೇ" ಎಂದು ರೋಗಿಯನ್ನು ಕೇಳುತ್ತಿರಬೇಕು. ಅಷ್ಟು ಕೇಳುವವರೂ ಇಲ್ಲ ಎಂಬುದೇ ನನ್ನ ಸಿಟ್ಟು.

ವಿರಾಜಪೇಟೆ
ಆಸ್ಪತ್ರೆಯ ಮೇಲೆ ದೂರು ಕೊಡಿ.

ಅಮ್ಮತ್ತಿ ತೋಟ
ಅಮ್ಮನಿಗೆ ದೂರು ಬೇಡ. ಮೆಟ್ಟಿಲು ಇಳಿದು ಕಣಕ್ಕೆ ಹೋಗಿ, ಹರವಿದ ಕಾಫಿಯನ್ನು ಕಾಲಲ್ಲಿ ತಿರುವಿ ಬರಬೇಕಂತೆ. ಅದೊಂದೇ ಅವರ ಆಸೆ. ಉಪಕರಣದ ಬಗ್ಗೆ ಯಾರಾದರೂ ಹೇಳಿ.

ಪೊನ್ನಂಪೇಟೆ ಹಾಕಿ
ಅಕ್ಕ, ನಾನು ಬೆಂಗಳೂರಿನಲ್ಲಿ ಸೆನ್ಸರ್‌ಗಳ ಕೆಲಸದಲ್ಲಿದ್ದೇನೆ. ಈ ವಿಷಯ ತುಂಬ ಓದಿದ್ದೇನೆ, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಉಪಕರಣ ನಿಜ. ಹೆಸರು ವೆಸ್ಟಿಬ್ಯುಲರ್ ಇಂಪ್ಲಾಂಟ್. ನಮ್ಮ ಒಂದೊಂದು ಕಿವಿಯಲ್ಲೂ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಅವು ಹೆಚ್ಚುಕಡಿಮೆ ಒಂದಕ್ಕೊಂದು ಲಂಬವಾಗಿ ನಿಂತು ಮೂರು ದಿಕ್ಕಿನ ತಿರುಗಾಟವನ್ನು ಅಳೆಯುತ್ತವೆ. ಮೇಸ್ತ್ರಿಗೆ ರಸಮಟ್ಟ ಇದ್ದ ಹಾಗೆ ತಲೆಗೆ ಇವು. ಇಂಪ್ಲಾಂಟಿನಲ್ಲಿ ಈ ಅಳೆಯುವ ಕೆಲಸವನ್ನು ಗೈರೊಸ್ಕೋಪ್ ಮಾಡುತ್ತದೆ. ಅದೇ ಜಾತಿಯ ಪುಟ್ಟ ಚಿಪ್ ನಿಮ್ಮ ಮೊಬೈಲಿನಲ್ಲೂ ಇದೆ. ತಲೆಯ ಮೇಲೆ ಕೂದಲಿನ ಜೊತೆ ಕೂರುವ ಆ ಭಾಗ, ಚರ್ಮದ ಒಳಗಿರುವ ಭಾಗಕ್ಕೆ ಆಯಸ್ಕಾಂತದಿಂದ ಅಂಟಿಕೊಂಡು ಸಂಕೇತ ಕಳುಹಿಸುತ್ತದೆ. ಒಳಗಿನಿಂದ ಹೊರಟ ಕೂದಲೆಳೆಯಂಥ ತಂತಿಗಳು ಮೂರು ನಾಳಗಳ ಬುಡದ ನರದ ಪಕ್ಕ ಕೂರುತ್ತವೆ.

ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ತಲೆ ಅಲುಗಾಡದೆ ಇದ್ದಾಗಲೂ ಆ ನರಗಳು ಸುಮ್ಮನಿರುವುದಿಲ್ಲ. ಸೆಕೆಂಡಿಗೆ ಸುಮಾರು 90 ರಿಂದ 100 ಮಿಡಿತ ಕಳುಹಿಸುತ್ತಲೇ ಇರುತ್ತವೆ. ಒಂದು ಕಡೆ ತಿರುಗಿದರೆ ಮಿಡಿತ ಏರುತ್ತದೆ, ಇನ್ನೊಂದು ಕಡೆ ತಿರುಗಿದರೆ ಇಳಿಯುತ್ತದೆ. ಹಾಗಾಗಿ ಒಂದೇ ಕಿವಿಗೆ ಉಪಕರಣ ಕೂರಿಸಿದರೂ ಮೆದುಳಿಗೆ ಎರಡೂ ದಿಕ್ಕು ತಿಳಿಯುತ್ತದೆ. ಉಪಕರಣವೂ ಮೊದಲು ಹಾಗೊಂದು ಸ್ಥಿರ ಮಿಡಿತ ಕೊಟ್ಟು ಮೆದುಳನ್ನು ಅದಕ್ಕೆ ಒಗ್ಗಿಸುತ್ತದೆ, ಆಮೇಲೆ ತಲೆಯ ಚಲನೆಗೆ ತಕ್ಕಂತೆ ಏರಿಸಿ ಇಳಿಸುತ್ತದೆ.

2000ದಲ್ಲಿ ಗಾಂಗ್ ಮತ್ತು ಮರ್ಫೆಲ್ಡ್ ಎಂಬ ವಿಜ್ಞಾನಿಗಳು ಗಿನಿಯಿಲಿಗಳಲ್ಲಿ ಇದನ್ನು ಮಾಡಿ ತೋರಿಸಿದರು. ಮನುಷ್ಯರ ಮೇಲಿನ ಕೆಲಸ ಜಿನೀವಾ ಮತ್ತು ಮಾಸ್ಟ್ರಿಕ್ಟ್ ತಂಡದಿಂದ 2007ರ ಹೊತ್ತಿಗೆ ಶುರುವಾಯಿತು, 2010ರಲ್ಲಿ ಸಿಯಾಟಲ್‌ನಲ್ಲಿ ಮೆನಿಯರ್ ಎಂಬ, ಮತ್ತೆಮತ್ತೆ ತಲೆಸುತ್ತು ತರುವ ಒಳಕಿವಿಯ ರೋಗ ಇದ್ದವರಿಗೆ ಕೂರಿಸಿದರು. ದಿನವಿಡೀ ಧರಿಸಿಕೊಂಡು ಓಡಾಡುವ ಉಪಕರಣದ ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ಡೆಲ್ಲಾ ಸಾಂಟಿನಾ ಅವರ ತಂಡದ್ದು. ಎಂಟು ಜನರಿಗೆ ಕೂರಿಸಿದರು. ಅವರಲ್ಲಿ ಹೆಚ್ಚಿನವರು ಅಮ್ಮನ ಹಾಗೆ ಔಷಧಿಯಿಂದಲೇ ಸಮತೋಲನ ಕಳೆದುಕೊಂಡವರು. ಆರು ತಿಂಗಳು, ಒಂದು ವರ್ಷದ ನಂತರ ನೋಡಿದಾಗ ಒಟ್ಟಾರೆ ನಿಲುವು, ನಡಿಗೆ ಸುಧಾರಿಸಿದ್ದವು.

ಶನಿವಾರಸಂತೆ ಮೇಷ್ಟ್ರು
ಇಷ್ಟು ಚೆನ್ನಾಗಿ ವಿಜ್ಞಾನವನ್ನು ಕನ್ನಡದಲ್ಲಿ ಹೇಳಿದ್ದಕ್ಕೆ ಸಂತೋಷವಾಯಿತು ಕಣಪ್ಪ.

ವಿರಾಜಪೇಟೆ
ಸಂತೋಷದ ಅರ್ಧವನ್ನು ಮಾತ್ರ ಬರೆದಿದ್ದಾರೆ. ಆ ಎಂಟು ಜನರ ಕಿವಿ ಏನಾಯಿತು ಎಂಬುದನ್ನೂ ಬರೆಯಲಿ. ಉಪಕರಣ ಕೂರಿಸಿದ ಕಿವಿಯಲ್ಲಿ ಮೂವರಿಗೆ ಕೇಳಿಸುವ ಶಕ್ತಿ ಬಹುಪಾಲು ಹೋಯಿತು. ಉಳಿದ ಐವರಿಗೂ ಒಂದಿಷ್ಟು ಕಡಿಮೆಯಾಯಿತು. ಸಿಯಾಟಲ್‌ನಲ್ಲೂ ಕಿವುಡಾದವರಿದ್ದಾರೆ. ಇವರ ತಾಯಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಇರುವ ಒಂದನ್ನು ಪಣಕ್ಕೆ ಇಡಿ ಎಂದು ಹೇಳುವ ಮೊದಲು ಯೋಚಿಸಬೇಕು.

ಪೊನ್ನಂಪೇಟೆ ಹಾಕಿ
ಬರೆಯುತ್ತಲೇ ಇದ್ದೆ ಅಣ್ಣ, ಅಷ್ಟರಲ್ಲಿ ನೀವು ಬಂದಿರಿ. ಹೌದು, ನೀವು ಹೇಳಿದ್ದು ಸರಿ. ಕೇಳಿಸುವ ಶಂಖನಾಳವೂ ಸಮತೋಲನದ ನಾಳಗಳೂ ಒಂದೇ ದ್ರವವನ್ನು ಹಂಚಿಕೊಂಡಿವೆ. ಒಂದನ್ನು ಕೊರೆದರೆ ಇನ್ನೊಂದಕ್ಕೆ ಪೆಟ್ಟು ಬೀಳಬಹುದು. ಅದಕ್ಕಾಗಿಯೇ ಒಂದೇ ಕಿವಿಗೆ ಕೂರಿಸುತ್ತಾರೆ, ಜಿನೀವಾದವರು ಬಹುಪಾಲು ಆ ಕಿವಿ ಮೊದಲೇ ಕೇಳಿಸದವರನ್ನು ಆರಿಸಿಕೊಂಡರು. ಆದರೆ "ಐವರ ಕಿವಿ ಉಳಿಯಿತು" ಎನ್ನುವುದೂ ಅಷ್ಟೇ ನಿಜ. ಹಿಂದೆ ಉಳಿಯುವುದೇ ಇಲ್ಲ ಎಂದುಕೊಂಡಿದ್ದರು.

ವಿರಾಜಪೇಟೆ
ಎಂಟು ಜನರ ಮೇಲೆ ಆದದ್ದನ್ನು ನಂಬಿ ಅಮ್ಮತ್ತಿಯಿಂದ ಅಮೆರಿಕಕ್ಕೆ ಹೊರಡಲು ಹೇಳುತ್ತೀರಾ?

ಪೊನ್ನಂಪೇಟೆ ಹಾಕಿ
ಹೊರಡಿ ಎಂದು ನಾನು ಎಲ್ಲಿ ಬರೆದೆ? ಅದು ಪ್ರಯೋಗದ ಹಂತದಲ್ಲಿದೆ. ದುಡ್ಡು ಕೊಟ್ಟು ಕೊಳ್ಳುವ ವಸ್ತು ಅಲ್ಲ. ಇದೆಯೇ ಎಂದು ಕೇಳಿದರು, ಇದೆ ಎಂದೆ. ಇರುವುದನ್ನು ಇದೆ ಎನ್ನುವುದು ಆಸೆ ಹುಟ್ಟಿಸಿದಂತೆ ಆಗುವುದಿಲ್ಲ.

ಶ್ರವಣ ತಜ್ಞೆ, ಮೈಸೂರು
ಇಬ್ಬರೂ ಹೇಳುವುದರಲ್ಲಿ ತೂಕವಿದೆ. ಒಂದು ಸೇರಿಸುತ್ತೇನೆ. ನಾಳಗಳು ತಿರುಗಾಟವನ್ನು ಅಳೆಯುತ್ತವೆ. ವಾಲುವುದನ್ನು, ಮೇಲೆ ಕೆಳಗೆ ಹೋಗುವುದನ್ನು ಅಳೆಯುವುದು ಹರಳುಗಳಿರುವ ಇನ್ನೆರಡು ಭಾಗಗಳು. ಜಾನ್ಸ್ ಹಾಪ್ಕಿನ್ಸ್ ಉಪಕರಣ ಕೆಲಸ ಮಾಡುವುದು ಮುಖ್ಯವಾಗಿ ನಾಳಗಳ ಮೇಲೆ. ಹರಳಿನ ಭಾಗಕ್ಕೆ ವಿದ್ಯುತ್ ಕೊಡುವ ಪ್ರಯತ್ನ ಸ್ಪೇನ್‌ನ ಲಾಸ್ ಪಾಲ್ಮಾಸ್‌ನಲ್ಲಿ ನಡೆದಿದೆ. ಅಂದರೆ ಇಡೀ ಒಳಕಿವಿಯನ್ನು ಮರಳಿಸುವ ಉಪಕರಣ ಇನ್ನೂ ಇಲ್ಲ. ಇನ್ನೊಂದು, ದಯವಿಟ್ಟು ಇದನ್ನು ಮಕ್ಕಳಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್ ಎಂದುಕೊಳ್ಳಬೇಡಿ. ಅದು ಕೇಳಿಸುವುದಕ್ಕೆ, ನಮ್ಮಲ್ಲಿ ಬಹಳ ವರ್ಷಗಳಿಂದ ಇದೆ. "ಇಂಪ್ಲಾಂಟ್ ಮಾಡುತ್ತೇವೆ" ಎಂಬ ಬೋರ್ಡು ನೋಡಿ ಓಡಿ ಹೋಗಬೇಡಿ.

ಸಂಪಾಜೆ ತಿರುವು
ವಿಷಯದಿಂದ ಸ್ವಲ್ಪ ಆಚೆಯ ಪ್ರಶ್ನೆ. ನನಗೆ ಸಂಪಾಜೆ ಘಟ್ಟ ಇಳಿಯುವಾಗ ಸುಳ್ಯ ಮುಟ್ಟುವ ಮೊದಲೇ ವಾಂತಿ. ಇದೂ ಒಳಕಿವಿಯ ರೋಗವೇ?

ಶ್ರವಣ ತಜ್ಞೆ, ಮೈಸೂರು
ರೋಗವಲ್ಲ. ಕಿವಿ "ತಿರುಗುತ್ತಿದ್ದೇನೆ" ಎನ್ನುತ್ತದೆ, ಬಸ್ಸಿನ ಸೀಟು ನೋಡುವ ಕಣ್ಣು "ಇಲ್ಲ" ಎನ್ನುತ್ತದೆ. ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆ ನೋಡಿ.

ಅಮ್ಮತ್ತಿ ತೋಟ
ಇದನ್ನು ಓದಿ ಒಂದು ನೆನಪಾಯಿತು. ಅಮ್ಮನಿಗೆ ಜೀವಮಾನವಿಡೀ ಘಟ್ಟದಲ್ಲಿ ವಾಂತಿ ಬರುತ್ತಿತ್ತು. ಮಡಿಕೇರಿಯ ತಿರುವಿನಲ್ಲೂ ಕೈಯಲ್ಲಿ ನಿಂಬೆಹಣ್ಣು ಇರಲೇಬೇಕಿತ್ತು. ಇತ್ತೀಚೆಗೆ ಮಂಗಳೂರಿಗೆ ಹೋಗಿ ಬಂದೆವು, ಒಮ್ಮೆಯೂ ಹೊಟ್ಟೆ ತೊಳಸಲಿಲ್ಲ. ನಾವು ಆರೋಗ್ಯ ಸುಧಾರಿಸಿತು ಎಂದುಕೊಂಡೆವು.

ಪೊನ್ನಂಪೇಟೆ ಹಾಕಿ
ಅಕ್ಕ, ಅದು ಸುಧಾರಣೆಯಲ್ಲ, ರೋಗದ್ದೇ ಗುರುತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ ಗ್ಯಾಲೊಡೆಟ್ ಕಾಲೇಜಿನ ಹನ್ನೊಂದು ಮಂದಿ ಕಿವುಡರನ್ನು ಬಾಹ್ಯಾಕಾಶ ಯಾನದ ಸಂಶೋಧನೆಗೆ ಆರಿಸಿಕೊಂಡಿತು. ಒಬ್ಬರನ್ನು ಬಿಟ್ಟು ಎಲ್ಲರೂ ಮೆದುಳು ಪೊರೆಯ ಜ್ವರದಿಂದ ಕಿವಿಯನ್ನೂ ಸಮತೋಲನವನ್ನೂ ಕಳೆದುಕೊಂಡವರು. ಅಬ್ಬರದ ಸಮುದ್ರದಲ್ಲಿ ಹಡಗು ಕುಣಿದಾಗ ಸಂಶೋಧಕರು ವಾಂತಿ ಮಾಡಿಕೊಂಡು ಮಲಗಿದರು, ಇವರು ಆರಾಮವಾಗಿ ಇಸ್ಪೀಟು ಆಡುತ್ತಿದ್ದರು.

ಶನಿವಾರಸಂತೆ ಮೇಷ್ಟ್ರು
ಎಂಥ ಸಂಗತಿ! ಶಾಲೆಯಲ್ಲಿ ಇದನ್ನೆಲ್ಲ ಹೇಳಿದ್ದರೆ ಮಕ್ಕಳು ಒಳಕಿವಿಯ ಪಾಠವನ್ನು ಬಾಯಿಪಾಠ ಮಾಡುವ ಅಗತ್ಯವೇ ಇರುತ್ತಿರಲಿಲ್ಲ.

ಭಾಗಮಂಡಲ ಮಳೆ
ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ನಾನೂ ಅದೇ ದಾರಿಯವನು. ಎಳೆಯ ವಯಸ್ಸಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ತೆಗೆದುಕೊಂಡೆ. ಶ್ವಾಸಕೋಶ ಉಳಿಯಿತು, ಸಮತೋಲನ ಹೋಯಿತು. ಆಗ ಇದಕ್ಕೊಂದು ಹೆಸರನ್ನೂ ಯಾರೂ ಹೇಳಲಿಲ್ಲ. 1952ರಲ್ಲೇ ಒಬ್ಬ ಅಮೆರಿಕನ್ ವೈದ್ಯ ತನಗೇ ಇದು ಆದದ್ದನ್ನು ಬರೆದಿದ್ದಾನೆ ಎಂದು ಬಹಳ ವರ್ಷಗಳ ನಂತರ ಮಗ ಓದಿ ಹೇಳಿದ. ಅವನಿಗೂ ಸ್ಟ್ರೆಪ್ಟೋಮೈಸಿನ್‌ನಿಂದಲೇ. ಹಾಸಿಗೆಯಲ್ಲಿ ಓದುವಾಗ ನಾಡಿಯ ಬಡಿತಕ್ಕೆ ಅಕ್ಷರ ಕುಣಿಯುತ್ತಿದ್ದವಂತೆ, ಮಂಚದ ಸರಳುಗಳ ನಡುವೆ ತಲೆ ಸಿಕ್ಕಿಸಿ ಅಲುಗಾಡದಂತೆ ಮಾಡಿಕೊಂಡು ಓದಿದನಂತೆ. ನಾನು ಎಳೆಯನಾಗಿದ್ದಾಗ ಗೋಡೆಗೆ ತಲೆ ಒರಗಿಸಿ ಓದುತ್ತಿದ್ದೆ. ನನ್ನಂಥವನೊಬ್ಬ ಇದ್ದ ಎಂದು ತಿಳಿದಾಗ ನನಗಾದ ಸಮಾಧಾನ ಹೇಳತೀರದು.

ಅಮ್ಮತ್ತಿಯ ತಂಗಿಗೆ ನನ್ನ ಅನುಭವದಿಂದ ಹೇಳುವುದಿಷ್ಟು. ಕಿವಿ ಹೋದ ಮೇಲೆ ದೇಹಕ್ಕೆ ಉಳಿಯುವುದು ಕಣ್ಣು ಮತ್ತು ಪಾದ. ಆ ಎರಡಕ್ಕೂ ಕೆಲಸ ಕೊಡಬೇಕು. ನಮ್ಮ ಊರಿನಲ್ಲಿ ಮಳೆಗಾಲದ ಮೂರು ತಿಂಗಳು ಎರಡಕ್ಕೂ ಶತ್ರು. ಕತ್ತಲು ಕಣ್ಣನ್ನು ಕಿತ್ತುಕೊಳ್ಳುತ್ತದೆ, ಪಾಚಿ ಪಾದವನ್ನು. ಮೆಟ್ಟಿಲಿಗೆ, ಬಚ್ಚಲಿಗೆ ಕೈಹಿಡಿಯ ಕಂಬಿ ಹಾಕಿಸಿ. ಕರೆಂಟ್ ಹೋದೊಡನೆ ತಾನಾಗಿ ಹೊತ್ತಿಕೊಳ್ಳುವ ದೀಪವನ್ನು ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಇರಿಸಿ. ಮೆತ್ತನೆಯ ದಪ್ಪ ಚಪ್ಪಲಿ ಬೇಡ, ನೆಲ ತಿಳಿಯುವ ತೆಳು ಅಟ್ಟೆಯದ್ದು ಕೊಡಿಸಿ. ಗದ್ದೆಯ ಬದುವಿನ ಮೇಲೆ ಒಬ್ಬರೇ ಹೋಗಬಾರದು. ಹೊಳೆ, ಕೆರೆಯಲ್ಲಿ ಮುಳುಗಲೇಬಾರದು. ನೀರಿನೊಳಗೆ ಮೇಲೆ ಯಾವುದು ಕೆಳಗೆ ಯಾವುದು ಎಂದು ನಮಗೆ ತಿಳಿಯುವುದಿಲ್ಲ. ತ್ರಿವೇಣಿ ಸಂಗಮದಲ್ಲಿ ನಾನು ಮೊಣಕಾಲು ನೀರಿನಲ್ಲಿ ನಿಂತು ತಲೆಗೆ ಚೆಂಬಿನಲ್ಲಿ ಸುರಿದುಕೊಳ್ಳುತ್ತೇನೆ, ಅಷ್ಟೇ.

ಸಿದ್ದಾಪುರ
ಇನ್ನೊಂದು ಸೇರಿಸಿ ಅಣ್ಣ. ನಮ್ಮ ಕಡೆಯ ತೋಟಗಳಲ್ಲಿ ಆನೆ. ಓಡುವುದಿರಲಿ, ಹಿಂದಿರುಗಿ ನೋಡಿದರೂ ಬೀಳುವವರು ಸಂಜೆ ತೋಟಕ್ಕೆ ಕಾಲಿಡಬಾರದು. ಕಾಳುಮೆಣಸಿನ ಏಣಿಯಂತೂ ಕೇಳಲೇಬೇಡಿ. ಈ ತೊಂದರೆ ಇರುವ ಕಾರ್ಮಿಕರು ಎಷ್ಟೋ ಜನ ಇರಬಹುದು. "ಕುಡಿದು ಬಂದಿದ್ದಾನೆ" ಎಂದು ಬೈಸಿಕೊಂಡು ಕೆಲಸ ಕಳೆದುಕೊಳ್ಳುತ್ತಾರೆ.

ಭಾಗಮಂಡಲ ಮಳೆ
ಆ ಬೈಗುಳ ನನಗೂ ಗೊತ್ತು. ಮುಟ್ಟದ ಹೆಂಡಕ್ಕೆ ಮಾತು ಕೇಳಿದ್ದೇನೆ. ಕೈಲ್ ಮುಹೂರ್ತ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯಲು ಕೋವಿ ಎತ್ತಿದರೆ ಕಾಯಿಯೇ ಕುಣಿಯುತ್ತಿತ್ತು. ನಾನು ಕೋವಿಯನ್ನು ತಮ್ಮನಿಗೆ ಕೊಟ್ಟುಬಿಟ್ಟೆ.

ನಾಪೋಕ್ಲು ಗದ್ದೆ
ಅಣ್ಣಾ, ನಿಮ್ಮಂಥವರು ನಮ್ಮ ಜಿಲ್ಲೆಯಲ್ಲಿ ಇದ್ದೀರಿ ಎಂದೇ ತಿಳಿದಿರಲಿಲ್ಲ. ಸರ್ಕಾರದಿಂದ ಏನಾದರೂ ಸಿಗುತ್ತದೆಯೇ? ಅಂಗವಿಕಲರ ಕಾರ್ಡು?

ಶನಿವಾರಸಂತೆ ಮೇಷ್ಟ್ರು
2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಕಿವುಡುತನ ಇದೆ, ಚಲನೆಯ ವೈಕಲ್ಯ ಇದೆ. ಒಳಕಿವಿಯ ಸಮತೋಲನ ಹೋದದ್ದು ಹೆಸರಿಸಿ ಎಲ್ಲಿಯೂ ಇಲ್ಲ. ಕಿವಿ ಕೇಳಿಸುತ್ತದೆ, ಕೈಕಾಲು ಇದೆ, ಹಾಗಾದರೆ ಯಾವ ಕಾಲಮಿನಲ್ಲಿ ಬರೆಯಬೇಕು? ಇದಕ್ಕೆ ನಮ್ಮ ಶಾಸಕರಿಗೂ ಸಂಸದರಿಗೂ ಬರೆಯಬೇಕು. ಉಪಕರಣ ಬರುವ ಕಾಲಕ್ಕೆ ಬರಲಿ, ಪಟ್ಟಿಯಲ್ಲಿ ಒಂದು ಸಾಲು ಸೇರಿಸಲು ಪ್ರಯೋಗಾಲಯ ಬೇಕಾಗಿಲ್ಲ.

ವಿರಾಜಪೇಟೆ
ಮೇಷ್ಟ್ರ ಮಾತು ನೂರಕ್ಕೆ ನೂರು ಸರಿ. ನಾನು ಸಹಿ ಹಾಕುತ್ತೇನೆ.

ಪೊನ್ನಂಪೇಟೆ ಹಾಕಿ
ನಾನೂ. ಇನ್ನೊಂದು ಮಾತು, ಶಸ್ತ್ರಚಿಕಿತ್ಸೆ ಇಲ್ಲದ ಉಪಕರಣಗಳೂ ಇವೆ. ಮಾಸ್ಟ್ರಿಕ್ಟ್‌ನಲ್ಲಿ ಹರ್ಮನ್ ಕಿಂಗ್ಮಾ ಅವರ ತಂಡ ಸೊಂಟಕ್ಕೆ ಕಟ್ಟುವ ಪಟ್ಟಿ ಮಾಡಿದೆ. ಯಾವ ಕಡೆಗೆ ವಾಲುತ್ತೀರೋ ಆ ಕಡೆ ಸೊಂಟದಲ್ಲಿ ಕಂಪನ ಬರುತ್ತದೆ, ದೇಹ ತಾನಾಗಿ ನೆಟ್ಟಗಾಗುತ್ತದೆ. ಅದಕ್ಕೂ ಮುಂಚೆ ಪಾಲ್ ಬಾಕ್-ಇ-ರೀಟಾ ಎಂಬ ವಿಜ್ಞಾನಿ ನಾಲಿಗೆಯ ಮೇಲೆ ಸಣ್ಣ ವಿದ್ಯುತ್ ಸ್ಪರ್ಶ ಕೊಟ್ಟು ಅದೇ ಸುದ್ದಿ ತಿಳಿಸುವ ಉಪಕರಣ ಮಾಡಿದ್ದರು. ಕಣ್ಣೆದುರಿನ ದೃಶ್ಯ ಕುಣಿಯುವುದನ್ನು ಇವು ನಿಲ್ಲಿಸುವುದಿಲ್ಲ, ಬೀಳುವುದನ್ನು ಕಡಿಮೆ ಮಾಡಬಹುದು. ಸೊಂಟಪಟ್ಟಿಯಂಥದ್ದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೇ ಮಾಡಬಹುದು. ಗೈರೊಸ್ಕೋಪ್, ಮೊಬೈಲಿನ ಕಂಪನದ ಮೋಟಾರು, ಬ್ಯಾಟರಿ. ನಾನು ಒಂದನ್ನು ಜೋಡಿಸಲು ಶುರುಮಾಡುತ್ತೇನೆ. ಭಾಗಮಂಡಲದ ಅಣ್ಣ ಒಪ್ಪಿದರೆ ಅವರ ಸೊಂಟದ ಅಳತೆ ಬೇಕು.

ಶ್ರವಣ ತಜ್ಞೆ, ಮೈಸೂರು
ಮಾಡಿ, ಆದರೆ ಪಕ್ಕದಲ್ಲಿ ಹಿಡಿಯುವವರಿಲ್ಲದೆ ಯಾರಿಗೂ ಕಟ್ಟಿ ನಡೆಸಬೇಡಿ.

ಅಮ್ಮತ್ತಿಯವರೇ, ಈಗ ನಿಮ್ಮ ಕೈಯಲ್ಲಿರುವ ಚಿಕಿತ್ಸೆ ವ್ಯಾಯಾಮ. 1940ರ ದಶಕದಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಶುರುಮಾಡಿದ ಬಗೆ, ಈಗ ಬಹಳ ಬೆಳೆದಿದೆ. ಉದಾಹರಣೆಗೆ ಗೋಡೆಯ ಮೇಲೆ ಒಂದು ಅಕ್ಷರ ಅಂಟಿಸಿ, ಕುರ್ಚಿಯಲ್ಲಿ ಕುಳಿತು, ಅಕ್ಷರದಿಂದ ಕಣ್ಣು ಕೀಳದೆ ತಲೆಯನ್ನು ಎಡಬಲಕ್ಕೆ ಆಡಿಸಬೇಕು. ಅಕ್ಷರ ಮಸುಕಾಗುವ ಅಂಚಿನವರೆಗೆ ವೇಗ ಏರಿಸಬೇಕು. ಆಮೇಲೆ ನಿಂತು, ಆಮೇಲೆ ನಡೆಯುತ್ತಾ. ಯಾವುದು ಎಷ್ಟು ಎಂಬುದನ್ನು ಒಮ್ಮೆ ನೋಡಿಯೇ ಹೇಳಬೇಕು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಮತೋಲನದ ಪರೀಕ್ಷೆಗಳಿವೆ. ಇದರಿಂದ ಸತ್ತ ಕೋಶ ಹುಟ್ಟುವುದಿಲ್ಲ. ಆದರೆ ಮೆದುಳು ಕಣ್ಣನ್ನೂ ಪಾದವನ್ನೂ ಹೆಚ್ಚು ನಂಬಲು ಕಲಿಯುತ್ತದೆ. ಕಣದವರೆಗೆ ಹೋಗಿ ಬರುವುದು ಅತಿಯಾಸೆ ಏನಲ್ಲ.

ತಾಯಿಯವರಿಗೆ ಈಗ ಯಾವ ಮಾತ್ರೆ ನಡೆಯುತ್ತಿದೆ?

ಅಮ್ಮತ್ತಿ ತೋಟ
ಸ್ಟೆಮೆಟಿಲ್ ಅಂದಿನಿಂದಲೂ ಇದೆ. ಬಿಪಿ ಮಾತ್ರೆ ಇದೆ. ಮೆಟ್ಟಿಲಿಗೆ ಕಂಬಿ ಹಾಕಿಸಲು ಬಡಗಿಗೆ ಹೇಳಿಯಾಯಿತು. ಭಾಗಮಂಡಲದ ಅಣ್ಣ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ತಲೆ ಒರಗಿಸಿ ಓದುವ ಮಾತು ಬಂದಾಗ "ನಾನೂ ಹಾಗೆಯೇ ಮಾಡುತ್ತೇನಲ್ಲ" ಎಂದರು. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಕುಶಾಲನಗರ ಔಷಧಿ ಅಂಗಡಿ
ಸ್ಟೆಮೆಟಿಲ್ ತಿಂಗಳುಗಟ್ಟಲೆ ನುಂಗುವ ಮಾತ್ರೆಯಲ್ಲ. ಸುತ್ತು ಜೋರಿದ್ದಾಗ ಕೆಲವು ದಿನಕ್ಕೆ ಮಾತ್ರ. ಬಹಳ ಕಾಲ ತೆಗೆದುಕೊಂಡರೆ ಮೆದುಳು ಹೊಂದಿಕೊಳ್ಳುವುದನ್ನೇ ನಿಧಾನಗೊಳಿಸುತ್ತದೆ, ವಯಸ್ಸಾದವರಲ್ಲಿ ಕೈನಡುಕವನ್ನೂ ತರಬಹುದು. ನಮ್ಮ ಅಂಗಡಿಗೆ ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಬರುವವರಿದ್ದಾರೆ. ಬರೆದುಕೊಟ್ಟ ವೈದ್ಯರನ್ನು ಕೇಳಿ, ನಿಲ್ಲಿಸುವುದು ಹೇಗೆಂದು ಅವರೇ ಹೇಳಲಿ.

ನಾಪೋಕ್ಲು ಗದ್ದೆ
ತಂಗೀ, ಮೈಸೂರಿಗೆ ಹೋಗುವ ದಿನ ಹೇಳು. ನನ್ನ ಜೀಪು ಇದೆ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನಿಧಾನವಾಗಿ ಹೋಗೋಣ.

ಅಮ್ಮತ್ತಿ ತೋಟ
ಖಂಡಿತ ಹೇಳುತ್ತೇನೆ ಅಣ್ಣ. ಮೇಡಂ, ಪರೀಕ್ಷೆಗೆ ಮೊದಲು ಮಾತ್ರೆಗಳನ್ನು ನಿಲ್ಲಿಸಬೇಕೇ?

ಶ್ರವಣ ತಜ್ಞೆ, ಮೈಸೂರು
ತಲೆಸುತ್ತಿಗೆ ಕೊಡುವ ಮಾತ್ರೆಗಳನ್ನು ಸಾಮಾನ್ಯವಾಗಿ 48 ಗಂಟೆ ಮೊದಲು ನಿಲ್ಲಿಸಲು ಹೇಳುತ್ತೇವೆ, ವೈದ್ಯರ ಒಪ್ಪಿಗೆ ಪಡೆದು. ಬಿಪಿ, ಸಕ್ಕರೆ, ಹೃದಯ, ಮೂರ್ಛೆರೋಗದ ಮಾತ್ರೆಗಳನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಹಿಂದಿನ ಪರೀಕ್ಷೆಯ ವರದಿ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿ ಎರಡನ್ನೂ ತನ್ನಿ. ಜೆಂಟಾಮೈಸಿನ್ ಎಷ್ಟು ದಿನ ಕೊಟ್ಟರು ಎಂಬುದು ಅದರಲ್ಲಿರುತ್ತದೆ.